ಗೋಡೆ ಬಿರುಕಿಗೆ ಸಿಮೆಂಟ್ ಮೆತ್ತುವ ಮುನ್ನ

ನಮ್ಮ ನವಲಗುಂದ ಕಡೆಯ ಎರೆಹೊಲ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಏಪ್ರಿಲ್ ಬಂತಂದ್ರೆ ನೆಲ ಬಾಯಿ ಬಿಡುತ್ತೆ, ಬಿರುಕಿನೊಳಗೆ ಮೊಣಕೈವರೆಗೂ ಕೈ ಇಳಿಯುತ್ತೆ. ಚಿಕ್ಕಂದಿನಲ್ಲಿ ಅದರೊಳಗೆ ಕಲ್ಲು ಹಾಕಿ ಆಡಿದವರು ನಾವು. ಅಂಥದೇ ಬಿರುಕು ಮನೆಯ ಗೋಡೆ ಹತ್ತಿದಾಗ ಮಾತ್ರ ನಿದ್ದೆ ಹಾರಿಹೋಯಿತು.

2017ರಲ್ಲಿ ಮನೆ ಕಟ್ಟಿದೆವು. ಎರಡು ವರ್ಷದ ಹತ್ತಿ, ಮೆಣಸಿನಕಾಯಿ ದುಡ್ಡು, ಮೇಲೊಂದಿಷ್ಟು ಸಾಲ. ಮರುವರ್ಷ ಬೇಸಿಗೆಯಲ್ಲಿ ಅವ್ವ ಮಲಗುವ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಎದ್ದಿತು. ಗೌಂಡಿಯನ್ನು ಕರೆಸಿ ಸಿಮೆಂಟ್ ತುಂಬಿಸಿದೆ. ಮಳೆಗಾಲ ಮುಗಿಯೋದರೊಳಗೆ ಅದರ ಪಕ್ಕದಲ್ಲೇ ಇನ್ನೊಂದು. ಅದನ್ನೂ ತುಂಬಿಸಿದೆ. ಮೂರನೇ ಬೇಸಿಗೆಯ ಒಂದು ರಾತ್ರಿ ಅಂಗೈಯಗಲದ ಗಿಲಾವು ಕಳಚಿ ಅವ್ವನ ದಿಂಬಿನ ಪಕ್ಕ ಬಿತ್ತು. ಅವ್ವ ಏನೂ ಅನ್ನಲಿಲ್ಲ. ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬಂದಳು.

ಆಗ ಹುಬ್ಬಳ್ಳಿಯಿಂದ ಮಾವ ಬಂದರು. ಕಟ್ಟಡದ ಕೆಲಸದಲ್ಲೇ ತಲೆ ನರೆತವರು. ಗೋಡೆ ನೋಡುವ ಮೊದಲು ಮನೆ ಸುತ್ತ ಒಂದು ಸುತ್ತು ಹಾಕಿ ಕೇಳಿದರು: "ತಮ್ಮಾ, ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗ್ತೈತಿ?"

"ಗ್ವಾಡಿ ಬಾಜೂಕ ಬಾಳಿ ಹಚ್ಚೇವಲ್ರಿ ಮಾವ, ಅಲ್ಲಿಗೆ."

"ಮತ್ತ ಈ ಕಡೆ ಮೂಲ್ಯಾಗ ಬೇವಿನ ಗಿಡ. ಒಂದು ಮೂಲಿಗೆ ದಿನಾ ನೀರು ಕುಡಸ್ತೀರಿ, ಇನ್ನೊಂದು ಮೂಲಿ ನೀರನ್ನ ಗಿಡ ಕುಡೀತೈತಿ. ಮನಿ ಸೀಳದ ಏನು ಮಾಡ್ತೈತಿ?"

ನಮ್ಮ ಮನೆಯ ರೋಗ ಅಷ್ಟರಲ್ಲೇ ಇತ್ತು.

ಎರೆಮಣ್ಣು ಮಾಡುವ ಕೆಲಸ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಇರುತ್ತೆ. ನೀರು ಹೀರಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಆಳವಾದ ಎರೆಯಲ್ಲಿ ಈ ಉಬ್ಬು-ಕುಗ್ಗು ಸುಮಾರು 3.5 ಮೀಟರ್ ಆಳದವರೆಗೂ ನಡೆಯುತ್ತೆ. ನಮ್ಮ ಪಾಯ ಮೂರೇ ಅಡಿ. ಗೌಂಡಿಯ ತಪ್ಪಲ್ಲ, ದುಡ್ಡು ಉಳಿಸೋಕೆ "ಸಾಕು ಬಿಡಪಾ" ಅಂದವನು ನಾನೇ.

ಇಡೀ ಮನೆ ಒಂದೇ ಸಮ ಎದ್ದು ಇಳಿದರೆ ಅಷ್ಟು ಹಾನಿಯಿಲ್ಲ. ಒಂದು ಮೂಲೆ ಉಬ್ಬಿ, ಇನ್ನೊಂದು ಕುಸಿದಾಗ ಗೋಡೆ ಹರಿಯುತ್ತೆ. ನಾನು ಬೇಸಿಗೆಯಲ್ಲಿ ಬಿರುಕು ಅಗಲವಾಗಿದ್ದಾಗ ಗಟ್ಟಿ ಸಿಮೆಂಟ್ ತುಂಬಿಸಿದ್ದೆ. ಮಳೆಗೆ ನೆಲ ಉಬ್ಬಿ ಬಿರುಕು ಮುಚ್ಚಿಕೊಳ್ಳಲು ಹೋದಾಗ ಆ ಸಿಮೆಂಟೇ ಬೆಣೆಯಂತೆ ಅಡ್ಡ ನಿಂತು ಪಕ್ಕದ ಗೋಡೆಯನ್ನು ಸೀಳಿತು.

ಎಲೆ ಹಳದಿಯಾದರೆ ನಾವು ಏನು ಮಾಡ್ತೀವಿ? ಸಾರಜನಕ ಕಡಿಮೆಯೋ, ಕಬ್ಬಿಣದ ಕೊರತೆಯೋ, ಬೇರಿಗೆ ನೀರು ನಿಂತಿದೆಯೋ ಅಂತ ನೋಡ್ತೀವಿ. ಬಿರುಕೂ ಹಾಗೇ. ಅದು ಲಕ್ಷಣ, ರೋಗ ಬೇರೆ ಕಡೆ ಇರುತ್ತೆ.

ಬಿರುಕಿನ ಆಕಾರ ನೋಡಿ

ಬಲೆಯಂಥ ಕೂದಲೆಳೆ ಬಿರುಕು: ಇದು ಹೆಚ್ಚಾಗಿ ಗಿಲಾವಿನದು ಮಾತ್ರ. ಸಿಮೆಂಟ್ ಜಾಸ್ತಿ ಹಾಕಿದ್ದು, ಸರಿಯಾಗಿ ನೀರುಣಿಸದೆ ಬೇಗ ಒಣಗಿದ್ದು ಕಾರಣ. ನೋಡೋಕೆ ಕೆಟ್ಟದು, ಮನೆಗೆ ಅಪಾಯವಿಲ್ಲ.

ಸ್ಲ್ಯಾಬಿನ ಕೆಳಗೆ ಅಡ್ಡ ಬಿರುಕು: ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಗೋಡೆ ಅಷ್ಟು ಅಲುಗಾಡುವುದಿಲ್ಲ. ಮಾಳಿಗೆ ಮೇಲೆ ಬಿಳಿ ಸುಣ್ಣ ಬಳಿದರೂ ಕಾವು ಕಡಿಮೆಯಾಗುತ್ತೆ.

ಕಾಲಮ್ಮಿಗೂ ಇಟ್ಟಿಗೆಗೂ ನಡುವೆ ನೇರ ಬಿರುಕು: ಎರಡೂ ಬೇರೆ ಬೇರೆ ವಸ್ತು, ಹಿಗ್ಗುವ-ಕುಗ್ಗುವ ರೀತಿ ಬೇರೆ. ಗಿಲಾವು ಮಾಡುವಾಗ ಆ ಸಂದಿಯ ಮೇಲೆ ಜಾಳಿಗೆ ಹೊಡೆದಿದ್ದರೆ ಇದು ಬಹುಪಾಲು ತಪ್ಪುತ್ತೆ.

ಸ್ಲ್ಯಾಬಿನಲ್ಲಿ ಸರಳಿನ ಗುಂಟ ಬಿರುಕು, ಕೆಂಪು ಕಲೆ: ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ. ಇದು ಅಪಾಯ, ತಡ ಮಾಡಬೇಡಿ.

ಕಿಟಕಿ-ಬಾಗಿಲ ಮೂಲೆಯಿಂದ ಓರೆಯಾಗಿ, ಮೆಟ್ಟಿಲಿನಂತೆ ಹೋಗುವ ಬಿರುಕು: ಪಾಯ ಅಲುಗಾಡುತ್ತಿದೆ ಅನ್ನೋ ಸೂಚನೆ. ನಮ್ಮದು ಇದೇ.

ಕೈಯಲ್ಲಿರುವ ಫೋನ್ ಬಳಸಿ

ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಪಕ್ಕದಲ್ಲಿ ಸ್ಕೇಲ್ ಹಿಡಿದು ಪ್ರತಿ ತಿಂಗಳ ಮೊದಲ ದಿನ, ಅದೇ ಜಾಗದಿಂದ ಒಂದು ಫೋಟೋ. ಭಾರತೀಯ ಮಾನಕ ಸಂಸ್ಥೆ (ಈಗಿನ ಭಾರತೀಯ ಮಾನಕ ಬ್ಯೂರೋ) 1984ರಲ್ಲಿ ತಂದ ಕೈಪಿಡಿ ಬಿರುಕನ್ನು ಹೀಗೆ ವಿಂಗಡಿಸುತ್ತೆ: 1 ಮಿ.ಮೀ.ಗಿಂತ ಕಡಿಮೆಯಾದರೆ ಸಣ್ಣದು, 1ರಿಂದ 2 ಮಧ್ಯಮ, 2ಕ್ಕಿಂತ ಹೆಚ್ಚಾದರೆ ಅಗಲದ್ದು. ಆದರೆ ಅಗಲಕ್ಕಿಂತಲೂ ಮುಖ್ಯವಾದ ಪ್ರಶ್ನೆ, ಅದು ಬೆಳೆಯುತ್ತಿದೆಯೋ ನಿಂತಿದೆಯೋ ಅನ್ನೋದು. ಬೇಸಿಗೆಗೆ ಬಿಚ್ಚಿ ಮಳೆಗೆ ಮುಚ್ಚಿದರೆ ನೆಲದ ಕಡೆ ನೋಡಿ.

ಬಾಗಿಲು ದಿಢೀರಂತ ಬಿಗಿಯಾದರೆ, ಬಿರುಕು ಗೋಡೆಯ ಎರಡೂ ಬದಿ ಕಂಡರೆ, ಗೋಡೆ ಹೊರಗೆ ವಾಲಿದರೆ ಫೋಟೋ ತೆಗೀತಾ ಕೂರಬೇಡಿ. ಕೋಣೆ ಖಾಲಿ ಮಾಡಿ ಇಂಜಿನಿಯರ್ ಕರೆಸಿ.

ನಾವು ಮಾಡಿದ್ದೇನು?

ಬಾಳೆ ಕಿತ್ತು, ಬಚ್ಚಲ ನೀರನ್ನು ಪೈಪಿನಲ್ಲಿ 20 ಅಡಿ ಆಚೆ ಒಯ್ದೆವು. ಬಾಳೆಯೂ ಅಲ್ಲೇ ಚೆನ್ನಾಗಿ ಬಂತು. ಮಾಳಿಗೆ ನೀರು ಗೋಡೆ ಬುಡಕ್ಕೆ ಬೀಳದಂತೆ ಮಾಡಿದೆವು. ಮನೆ ಸುತ್ತ 6 ಅಡಿ ಅಗಲಕ್ಕೆ ಗರಸು ಬಡಿದು, ಹೊರಗೆ ಇಳಿಜಾರು ಕೊಟ್ಟು ಕಾಂಕ್ರೀಟ್ ಹಾಕಿಸಿದೆವು.

ಅಪ್ಪ ಬೇವಿನ ಗಿಡಕ್ಕೆ ಕೊಡಲಿ ಎತ್ತಿದ್ದರು. ಮಾವ ತಡೆದರು. ದೊಡ್ಡ ಗಿಡ ಒಮ್ಮೆಲೆ ಕಡಿದರೆ, ಅದು ಕುಡಿಯುತ್ತಿದ್ದ ನೀರು ಮಣ್ಣಲ್ಲೇ ಉಳಿದು ಆ ಮೂಲೆ ಉಬ್ಬುತ್ತೆ, ಮತ್ತೊಂದು ಕಡೆ ಬಿರುಕು ಬರುತ್ತೆ. ಹೀಗಾಗಿ ಕೊಂಬೆ ಮಾತ್ರ ಸವರಿದೆವು. ಒಂದು ವರ್ಷ ಬರೀ ಫೋಟೋ ತೆಗೆದು ನೋಡಿ, ಆಮೇಲೆ ಗಿಲಾವು ಮಾಡಿಸಿದೆವು. ಮೊದಲು 4 ಮಿ.ಮೀ. ಬಿಚ್ಚುತ್ತಿದ್ದ ಬಿರುಕು ಈಗ ಬೇಸಿಗೆಯಲ್ಲೂ ಕೂದಲೆಳೆಯಷ್ಟೇ.

ಹೊಸದಾಗಿ ಕಟ್ಟುವವರಿಗೆ

ಎರೆಯಲ್ಲಿ ಕಟ್ಟುವಿರಾದರೆ ಮೊದಲು ಗುಂಡಿ ತೋಡಿ ಗಟ್ಟಿ ನೆಲ ಎಷ್ಟು ಆಳದಲ್ಲಿದೆ ನೋಡಿ. ಎರೆ ಆಳವಾಗಿದ್ದರೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಬಗ್ಗೆ ಇಂಜಿನಿಯರ್ ಹತ್ತಿರ ಕೇಳಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬೆಳೆಸಿದ ವಿಧಾನ ಅದು. ಪಾಯದ ಮೇಲೊಂದು, ಕಿಟಕಿ ಮೇಲೊಂದು ಕಾಂಕ್ರೀಟ್ ಪಟ್ಟಿ ಮನೆ ಸುತ್ತ ಓಡಲಿ. ಒಳಗೆ ಎರೆಮಣ್ಣು ತುಂಬಬೇಡಿ, ಗರಸು ತುಂಬಿ. ಮೂರಡಿಗೆ "ಸಾಕು" ಅನ್ನಬೇಡಿ. ಅಲ್ಲಿ ಉಳಿಸಿದ್ದನ್ನು ನಾನು ರಿಪೇರಿಗೆ ಸುರಿದೆ.

ಅವ್ವ ಈಗ ಮತ್ತೆ ತನ್ನ ಕೋಣೆಯಲ್ಲೇ ಮಲಗುತ್ತಾಳೆ. ಮಂಚವನ್ನು ಮಾತ್ರ ಆ ಗೋಡೆಯಿಂದ ಎರಡು ಗೇಣು ದೂರ ಸರಿಸಿಕೊಂಡಿದ್ದಾಳೆ. ನಾನೂ ಸರಿಸು ಅಂತ ಹೇಳಿಲ್ಲ.

ಇವತ್ತು ಸಂಜೆ ಹೊಲದಿಂದ ಬಂದಮೇಲೆ ನಿಮ್ಮ ಮನೆ ಸುತ್ತ ಒಂದು ಸುತ್ತು ಹಾಕಿ. ಬಚ್ಚಲ ನೀರು ಎಲ್ಲಿಗೆ ಹೋಗ್ತಿದೆ ಅಂತ ಮೊದಲು ನೋಡಿ.