ತೋಳು 18 ಇಂಚು, ಬಿ.ಪಿ. 160!

ಶಿವಮೊಗ್ಗ: ಪ್ರೆಷರ್ ಅಂದರೇನು ಅಂತ ಭದ್ರಾವತಿ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪನೋ ಅಜ್ಜನೋ ಕಬ್ಬಿಣದ ಕಾರ್ಖಾನೆಯಲ್ಲಿ, ಇಲ್ಲವೇ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಬಾಯ್ಲರ್‌ಗೆ ಮೀಟರ್ ಇರುತ್ತೆ. ಮುಳ್ಳು ಕೆಂಪು ಗೆರೆ ದಾಟಿತೋ, ವಾಲ್ವ್ ಬಿಚ್ಚಿಕೊಂಡು ಬುಸ್ಸೆಂದು ಹಬೆ ಹೊರಗೆ ಹೋಗುತ್ತೆ. ಬಾಯ್ಲರ್ ಉಳಿಯುತ್ತೆ, ಕೆಲಸದವರೂ ಉಳಿಯುತ್ತಾರೆ.

ಅದೇ ಮನೆಯ ಮೊಮ್ಮಗ ಇವತ್ತು ಜಿಮ್ಮಿನ ಕನ್ನಡಿ ಮುಂದೆ ನಿಂತು ತೋಳಿಗೆ ಟೇಪು ಸುತ್ತಿ ಇಂಚು ಲೆಕ್ಕ ಹಾಕುತ್ತಾನೆ. ಆ ತೋಳಿಗೆ ಒಂದು ದಿನವಾದರೂ ಬಿ.ಪಿ. ಪಟ್ಟಿ ಕಟ್ಟಿಸಿದ್ದುಂಟೇ? ಇಲ್ಲ. ‘ನಂಗೇನ್ ಬಿ.ಪಿ.? ಅದು ವಯಸ್ಸಾದೋರಿಗೆ ಬರೋದು’ ಅನ್ನುವ ಧೈರ್ಯ. ಮನುಷ್ಯನ ಮೈಗೆ ಸೇಫ್ಟಿ ವಾಲ್ವ್ ಇಲ್ಲ ಸ್ವಾಮಿ!

ಗರಡಿ ಹೋಯಿತು, ಅವಸರ ಬಂತು

ಗರಡಿ ಮನೆಗಳ ಕಾಲದಲ್ಲಿ ಮೈ ಕಟ್ಟುವುದೆಂದರೆ ವರ್ಷಗಟ್ಟಲೆಯ ಕೆಲಸ. ಕೆಂಪು ಮಣ್ಣು, ದಂಡ, ಬಸ್ಕಿ, ಹಾಲು, ಬಾದಾಮಿ. ಉಸ್ತಾದರು ಸೈ ಅಂದ ಮೇಲೇ ಕೋಟೆ ಮಾರಿಕಾಂಬ ಜಾತ್ರೆಯ ಕುಸ್ತಿ ಅಖಾಡಕ್ಕೆ ಇಳಿಯಬೇಕು. ಈಗ ಎಲ್ಲಕ್ಕೂ ಅರ್ಜೆಂಟು. ಮೂರು ತಿಂಗಳಲ್ಲಿ ಎದೆ ಬರಬೇಕು, ಸ್ಪರ್ಧೆಗೆ ನಿಲ್ಲಬೇಕು, ಆದರೆ ಕ್ರೀಡಾ ಕೋಟಾದಲ್ಲಿ ಒಂದು ನೌಕರಿಯೂ ಗಿಟ್ಟಬೇಕು. ಎಂ.ಪಿ.ಎಂ. ಬಾಗಿಲು ಹಾಕಿರುವ ಊರಿನಲ್ಲಿ ನೌಕರಿಯ ಆಸೆ ತಪ್ಪೆಂದು ಯಾರು ಹೇಳಿಯಾರು?

ಎಲ್ಲ ಜಿಮ್ಮುಗಳೂ ಕೆಟ್ಟವು ಅಂತಲ್ಲ. ಬೆವರು ಸುರಿಸಿಯೇ ಮೈ ಕಟ್ಟಿದ ಹುಡುಗರು ನೂರಾರು ಮಂದಿ ಇದ್ದಾರೆ. ಆದರೆ ಯಾವ ಊರಿನಲ್ಲೇ ಆಗಲಿ, ‘ಒಂದು ಕೋರ್ಸ್ ಹಾಕ್ಕೋ ಗುರೂ, ಏನೂ ಆಗಲ್ಲ’ ಎನ್ನುವ ಒಬ್ಬ ಸಿಕ್ಕರೆ ಸಾಕು, ಕೆಡುಕು ಶುರು.

ಏನಿದು ಸ್ಟೀರಾಯ್ಡ್?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಉಬ್ಬಸಕ್ಕೆ, ಕೀಲು ಬಾವಿಗೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಬೇರೆ, ಇದು ಬೇರೆ. ಈ ಸುದ್ದಿ ಓದಿ ಯಾರೂ ಆ ಔಷಧಿ ನಿಲ್ಲಿಸಬಾರದು. ಇಲ್ಲಿ ಹೇಳುತ್ತಿರುವುದು ಅನಬಾಲಿಕ್ ಸ್ಟೀರಾಯ್ಡ್. ಗಂಡಸಿನ ಮೈಯಲ್ಲಿ ತಾನಾಗಿ ಹುಟ್ಟುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಮತ್ತು ಅದರ ಕೃತಕ ಬಂಧುಗಳು. 1935ರಲ್ಲಿ ಟೆಸ್ಟೋಸ್ಟೆರಾನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1958ರಲ್ಲಿ ಡಯಾನಾಬಾಲ್ ಎಂಬ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. ಇದರ ಅಸಲು ಹೆಸರು ಮೆಥಾಂಡಿಯೆನೋನ್. ಹಾರ್ಮೋನಿನ ಕೊರತೆಯಂಥ ಕಾಯಿಲೆಗಳಿಗೆ ವೈದ್ಯರು ಇಂಥ ಔಷಧಿ ಕೊಡುವುದುಂಟು. ಜಿಮ್ಮಿನ ಲೆಕ್ಕವೇ ಬೇರೆ. ವೈದ್ಯರು ಕೊಡುವ ಪ್ರಮಾಣದ ಹಲವು ಪಟ್ಟು, ಅದೂ ಎರಡು ಮೂರು ಜಾತಿ ಬೆರೆಸಿ!

ಪ್ರೆಷರ್ ಏರುವುದು ಹೇಗೆ?

ಒಂದು: ಸ್ಟೀರಾಯ್ಡು ಮೂತ್ರಪಿಂಡದಲ್ಲಿ ಉಪ್ಪು ಹಿಡಿದಿಡುತ್ತದೆ. ಉಪ್ಪಿದ್ದಲ್ಲಿ ನೀರು. ರಕ್ತನಾಳದಲ್ಲಿ ಹರಿಯುವ ದ್ರವ ಹೆಚ್ಚಿದರೆ ಒತ್ತಡ ಏರದೆ ಇದ್ದೀತೇ? ‘ವಾರದಲ್ಲಿ ಮೂರು ಕೆ.ಜಿ. ಬಂತು’ ಎಂದು ಹುಡುಗ ಕುಣಿಯುತ್ತಾನಲ್ಲ, ಅದರಲ್ಲಿ ಮಾಂಸವೆಷ್ಟು, ನೀರೆಷ್ಟು?

ಎರಡು: ಕೆಂಪು ರಕ್ತಕಣಗಳು ಮಿತಿ ಮೀರುತ್ತವೆ. ರಕ್ತ ಗಟ್ಟಿಯಾಗುತ್ತದೆ. ತಿಳಿಸಾರು ಸಲೀಸಾಗಿ ಹರಿಯುತ್ತೆ, ಗಟ್ಟಿ ಅಂಬಲಿಯನ್ನು ನೂಕಬೇಕು. ನೂಕುವ ಕೂಲಿ ಹೃದಯದ್ದು.

ಮೂರು: ರಕ್ತನಾಳ ಸಡಿಲವಾಗಿ ಹಿಗ್ಗುವ ಗುಣ ಕಳೆದುಕೊಂಡು ಬಿಗಿಯಾಗುತ್ತದೆ. ಸಾಲದ್ದಕ್ಕೆ ಒಳ್ಳೆಯ ಕೊಬ್ಬು ಎನಿಸಿಕೊಂಡ ಎಚ್.ಡಿ.ಎಲ್. ಕುಸಿದು ನಾಳದೊಳಗೆ ಜಿಡ್ಡು ಕೂರಲು ದಾರಿಯಾಗುತ್ತದೆ.

ನಾಲ್ಕು: ಹೃದಯವೂ ಒಂದು ಮಾಂಸಖಂಡವೇ ತಾನೇ? ಏರಿದ ಒತ್ತಡದ ವಿರುದ್ಧ ದುಡಿದೂ ದುಡಿದೂ, ಮೇಲೆ ಸ್ಟೀರಾಯ್ಡಿನ ಕುಮ್ಮಕ್ಕೂ ಸೇರಿ, ಅದರ ಎಡಗೋಡೆ ದಪ್ಪವಾಗುತ್ತದೆ. ತೋಳು ದಪ್ಪವಾದರೆ ಚೆಂದ. ಹೃದಯದ ಗೋಡೆ ಹೀಗೆ ದಪ್ಪವಾದರೆ ಅದು ಸಡಿಲಗೊಂಡು ರಕ್ತ ತುಂಬಿಕೊಳ್ಳುವುದೇ ಕಷ್ಟ.

ಭಾರ ಎತ್ತುವಾಗ ಬಿ.ಪಿ. ಏರುವುದು ಸಹಜ. 1985ರಲ್ಲಿ ಕೆನಡಾದ ಸಂಶೋಧಕರು ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಅಳತೆ ಇಟ್ಟು ನೋಡಿದಾಗ, ಎರಡೂ ಕಾಲಲ್ಲಿ ಭಾರ ಒತ್ತುವ ಹೊತ್ತಿಗೆ ಒತ್ತಡ ಸರಾಸರಿ 320/250 ಮುಟ್ಟಿತ್ತು! ಆದರೆ ಭಾರ ಇಳಿಸಿದ ಕೂಡಲೇ ಅದು ಸರ್ರನೆ ಇಳಿಯುತ್ತದೆ. ಸ್ಟೀರಾಯ್ಡಿನ ಏರಿಕೆ ಹಾಗಲ್ಲ. ಉಂಡಾಗ, ಮಲಗಿದಾಗ, ಸಿನಿಮಾ ನೋಡುವಾಗಲೂ ಕಾಡುವಂಥದ್ದು. ಅದರ ಮೇಲೆ ಭಾರ ಎತ್ತಿದರೆ?

ನೆದರ್ಲೆಂಡ್ಸಿನಲ್ಲಿ ಇಂಥ ಔಷಧಿ ತೆಗೆದುಕೊಳ್ಳುತ್ತಿದ್ದ 100 ಮಂದಿ ಗಂಡಸರನ್ನು ವೈದ್ಯರು ಗಮನಿಸುತ್ತಾ ಬಂದರು. ಕೋರ್ಸ್ ನಡೆಯುವಾಗ ಮೇಲಿನ ಬಿ.ಪಿ. ಸರಾಸರಿ ಸುಮಾರು 7 ಅಂಕ ಏರಿತ್ತು. ಬಿಟ್ಟ ಮೇಲೆ ಇಳಿಯಿತು. ‘ಏಳೇ ತಾನೇ?’ ಅನ್ನಬೇಡಿ. ಸರಾಸರಿ ಅಂದರೆ ಕೆಲವರಿಗೆ ಏನೂ ಇಲ್ಲ, ಕೆಲವರಿಗೆ ಬಹಳ. ತಾನು ಯಾವ ಗುಂಪಿನವನು ಎಂಬುದು ಅಳೆಯದೆ ಯಾರಿಗೂ ತಿಳಿಯದು. ಬಿಟ್ಟರೆ ಇಳಿಯುತ್ತೆ ಎಂಬುದೇ ಇದರಲ್ಲಿರುವ ಸಿಹಿ ಸುದ್ದಿ.

ಘಾಟಿ ಇಳಿದರೆ ಒಂದು ಪಾಠ

ಹುಲಿಕಲ್ ಘಾಟಿ ಇಳಿದು ಹೊಸಂಗಡಿ ದಾಟಿದರೆ ಸಿಗುವುದೇ ಸಿದ್ದಾಪುರ. ಆ ಸೀಮೆಯ ಹುಡುಗಿ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ತಂದಾಗ ಮಲೆನಾಡು, ಕರಾವಳಿ ಎರಡೂ ಕುಣಿದವು. ಮರುವರ್ಷವೇ ಅದೇ ಮೆಥಾಂಡಿಯೆನೋನ್ ಪರೀಕ್ಷೆಯಲ್ಲಿ ಪತ್ತೆ! ಜೊತೆ ಓಟಗಾರ್ತಿಯರೂ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಗುಳಿಗೆಯಲ್ಲಿ ಅದು ಬೆರೆತಿತ್ತು, ನಮಗೆ ಗೊತ್ತಿರಲಿಲ್ಲ ಎಂಬುದು ಅವರ ವಾದ. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಮನೆಗೆ ಹೋದರು. ಇಲ್ಲಿನ ಸಮಿತಿ ಒಂದು ವರ್ಷದ ನಿಷೇಧ ಹಾಕಿದರೆ, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ದೇಶದ ಶಿಬಿರದಲ್ಲಿದ್ದ, ಕೋಚಿನ ಕಣ್ಣೆದುರು ಬೆಳೆದ ಓಟಗಾರ್ತಿಯರಿಗೇ ಗುಳಿಗೆಯೊಳಗೆ ಏನಿದೆ ಎಂದು ತಿಳಿಯಲಿಲ್ಲ ಎಂದ ಮೇಲೆ, ಬಿ.ಎಚ್. ರಸ್ತೆಯ ಹುಡುಗನಿಗೆ ಹೆಸರಿಲ್ಲದ ಡಬ್ಬಿಯೊಳಗೆ ಏನಿದೆಯೆಂದು ತಿಳಿಯುವುದೆಂತು?

ಈಗ ಏನು ಮಾಡಬೇಕು?

18 ಇಂಚು ತೋಳಿನ ಹುಡುಗನೊಬ್ಬ ಧೈರ್ಯ ಮಾಡಿ ಬಿ.ಪಿ. ನೋಡಿಸಿದ, 160/100 ಬಂತು ಎಂದಿಟ್ಟುಕೊಳ್ಳಿ. ಗಾಬರಿ ಬೇಡ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ‘ಡಾಕ್ಟ್ರೇ, ದೊಡ್ಡ ಪಟ್ಟಿ ಹಾಕಿ ನೋಡಿ’ ಎಂದು ಕೇಳಬೇಕು. ಐದು ನಿಮಿಷ ಕೂತು, ಕಾಫಿ ಕುಡಿಯದೆ, ವ್ಯಾಯಾಮ ಮಾಡಿದ ತಕ್ಷಣವಲ್ಲದೆ, ಬೇರೆ ಬೇರೆ ದಿನ ನೋಡಿಸಬೇಕು. ಆಗಲೂ 140/90ರ ಮೇಲೇ ನಿಂತರೆ ಅದು ಅಸಲು ರಕ್ತದೊತ್ತಡ. ಅದಕ್ಕೆ ನೋವಿಲ್ಲ, ಜ್ವರವಿಲ್ಲ. ಸದ್ದಿಲ್ಲದೆ ಮೂತ್ರಪಿಂಡ, ಮಿದುಳು, ಹೃದಯ ಮೂರನ್ನೂ ತಿನ್ನುತ್ತದೆ.

ವೈದ್ಯರ ಮುಂದೆ ಸುಳ್ಳು ಹೇಳಬಾರದು. ತೆಗೆದುಕೊಂಡದ್ದೇನು, ಎಷ್ಟು ದಿನ, ಜೊತೆಗೆ ನೋವಿನ ಮಾತ್ರೆ ಎಷ್ಟು, ಕೊಬ್ಬು ಕರಗಿಸುವ ಪುಡಿ ಯಾವುದು, ಎಲ್ಲ ಹೇಳಬೇಕು, ಅವೂ ಬಿ.ಪಿ. ಏರಿಸುವಂಥವೇ. ಬಿಡುವುದಾದರೂ ವೈದ್ಯರ ಕಣ್ಗಾವಲಿನಲ್ಲೇ ಬಿಡುವುದು ಲೇಸು. ಹೊರಗಿನಿಂದ ಹಾರ್ಮೋನು ಬರುತ್ತಿದ್ದಾಗ ಮೈ ತನ್ನದನ್ನು ತಯಾರಿಸುವುದು ನಿಲ್ಲಿಸಿರುತ್ತದೆ. ಅದು ಮತ್ತೆ ಶುರುವಾಗುವ ತನಕ ಸುಸ್ತು, ಮಂಕು ಕವಿದು, ‘ಮತ್ತೊಂದು ಕೋರ್ಸ್’ ಎನ್ನುವ ಆಸೆ ಹುಟ್ಟುವುದು ಆಗಲೇ.

ವೈದ್ಯರ ಚೀಟಿಯಿಲ್ಲದೆ ಈ ಔಷಧಿ ಮಾರುವುದು ಕಾನೂನಿಗೆ ವಿರುದ್ಧ. ಔಷಧ ನಿಯಂತ್ರಣದವರು ಆ ಕಡೆ ಕಣ್ಣಿಡಲಿ. ಒಂದು ಡಬ್ಬಿ ಪ್ರೋಟೀನ್ ಪುಡಿಯ ಬೆಲೆಗೆ ಒಂದು ಬಿ.ಪಿ. ಮೆಷಿನ್ ಬರುತ್ತದೆ. ನೆಹರೂ ಕ್ರೀಡಾಂಗಣದಲ್ಲಿ ಒಂದು, ಭದ್ರಾವತಿ, ಶಿವಮೊಗ್ಗದ ಪ್ರತಿ ಜಿಮ್ಮಿನಲ್ಲಿ ಒಂದೊಂದು, ದೊಡ್ಡ ಪಟ್ಟಿಯ ಸಮೇತ, ಕನ್ನಡಿಯ ಪಕ್ಕದಲ್ಲೇ ಇಟ್ಟರೆ ಯಾರಿಗೂ ನಷ್ಟವಿಲ್ಲ.

ಕಬ್ಬಿಣ ಕಾಯಿಸುವ ಒಲೆಗೆ ಮೀಟರ್ ಇಟ್ಟ ಊರು ಇದು. ಹೆತ್ತವರ ಹೊಟ್ಟೆ ಉರಿಯುವ ಮೊದಲು ಮಕ್ಕಳ ಮೈಗೂ ಒಂದು ಮೀಟರ್ ಇಡಬಾರದೇ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?