ಲಗ್ನದ ಮನೆಯಲ್ಲಿ ನಾಯಿಗೂ ಒಂದು ಜಾಗ

ಸುಗ್ಗಿ ಮುಗಿದು ಯುಗಾದಿ ಕಳೆಯಿತೆಂದರೆ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ನಮ್ಮ ಹಳ್ಳಿಗಳಲ್ಲಿ ಲಗ್ನಗಳ ಗದ್ದಲ. ಮನೆಗೆ ಸುಣ್ಣ ಬಳಿಯುತ್ತೇವೆ, ಹಂದರ ಹಾಕುತ್ತೇವೆ, ನಂಟರಿಗೆಲ್ಲ ಹೇಳಿ ಕಳಿಸುತ್ತೇವೆ. ವರ್ಷವೆಲ್ಲ ಹೊಲ, ಕಣ, ಕುರಿಹಟ್ಟಿ ಕಾಯ್ದ ನಾಯಿಯ ವಿಚಾರ ಮಾತ್ರ ಯಾರೂ ಮಾಡುವುದಿಲ್ಲ.

ನಮ್ಮ ಮನೆಯಲ್ಲಿ ವಿಚಾರವನ್ನೇನೋ ಮಾಡಿದೆವು. ಆದರೆ ತಪ್ಪಾಗಿ ಮಾಡಿದೆವು. ತಮ್ಮನ ಲಗ್ನದ ದಿನ, ಅವನ ಬೆನ್ನಹಿಂದೆಯೇ ಬೆಳೆದ ನಾಯಿಯೂ ಇರಲಿ ಎಂದು ಕೊರಳಿಗೆ ಹಾರ ಹಾಕಿ ಹಂದರದ ಕಂಬಕ್ಕೆ ಕಟ್ಟಿದೆವು. ಬಾಜಾ ಬಾರಿಸಿದರು, ಪಟಾಕಿ ಹಾರಿಸಿದರು. ಕಟ್ಟಿದ ನಾಯಿಗೆ ಓಡಲು ದಾರಿಯೆಲ್ಲಿ? ಬೀಗರ ಮಗುವೊಂದು ಹೋಳಿಗೆ ಹಿಡಿದು ಹತ್ತಿರ ಹೋಯಿತು. ನಾಯಿ ಕೈ ಕಚ್ಚಿತು. ಒಬ್ಬರು ಖಾರದ ಪುಡಿ ತಂದರು, ಇನ್ನೊಬ್ಬರು ಸುಣ್ಣ ತಂದರು. ಪುಣ್ಯಕ್ಕೆ ಹಿರಿಯರೊಬ್ಬರು ಅವರನ್ನು ತಡೆದು, ಗಾಯ ತೊಳೆಸಿ, ಮಗುವನ್ನು ದವಾಖಾನೆಗೆ ಕಳಿಸಿದರು. ಮಗುವಿಗೆ ಗುಣವಾಯಿತು. ತಪ್ಪು ನಾಯಿಯದಲ್ಲ, ನಮ್ಮದು.

ಆದ್ದರಿಂದ ಲಗ್ನದ ಮನೆಯವರು ಈ ಸಂಗತಿಗಳನ್ನು ಲಕ್ಷ್ಯದಲ್ಲಿಡತಕ್ಕದ್ದು.

ಲಗ್ನಕ್ಕೆ ಒಂದು ತಿಂಗಳು ಮೊದಲೇ ನಾಯಿಯನ್ನು ದನದ ದವಾಖಾನೆಗೆ ಒಯ್ದು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಮರಿಗೆ 3 ತಿಂಗಳಾದಾಗ ಮೊದಲ ಸೂಜಿ; ಮುಂದೆ ವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸುತ್ತಿರಬೇಕು. ಲಸಿಕೆಯ ಬಲ ಬರಲು 3-4 ವಾರ ಬೇಕು. ಹಂದರ ಹಾಕಿದ ಮೇಲೆ ಓಡಾಡಿದರೆ ಉಪಯೋಗವಿಲ್ಲ.

ಮುಂಜಾನೆ ಅರಿಷಿಣ ಹಚ್ಚುವಾಗ, ಜನ ಕೂಡುವ ಮೊದಲು, ನಾಯಿ ಮದುಮಗನ ಬಳಿ ತುಸು ಹೊತ್ತು ಇರಲಿ. ಫೋಟೋ ಬೇಕಾದರೆ ಆಗಲೇ ತೆಗೆಸಿರಿ. ಹಾರ ಹಾಕುವುದಾದರೆ ಚೆಂಡುಹೂವಿನದು ಹಾಕಿರಿ. ಕಣಗಿಲೆ ಬೇಡ, ಅದರ ಹೂ, ಎಲೆ, ಕಡ್ಡಿ ಎಲ್ಲವೂ ವಿಷ.

ಅಕ್ಕಿಕಾಳು ಹಾಕುವ ಹೊತ್ತಿಗೆ ನಾಯಿ ಹಂದರದಲ್ಲಿ ಇರಕೂಡದು. ಗದ್ದಲ ಕೇಳದ ಹೊಲದ ಗುಡಿಸಲಿನ ನೆರಳಿಗೆ ಒಯ್ದು, ನೀರು ತುಂಬಿಡಬೇಕು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ಮೈ ತಂಪು ಮಾಡಿಕೊಳ್ಳುತ್ತದೆ. ವೈಶಾಖದ ಬಿಸಿಲಿಗೆ ಕಟ್ಟಿ ಮರೆತರೆ ಸತ್ತೇಹೋದೀತು. ನಾಯಿಗೆ ಬಳಕೆಯಿದ್ದ ಒಬ್ಬರಿಗೆ ಆ ಕೆಲಸ ಒಪ್ಪಿಸಿರಿ.

ಎಂಜಲೆಲೆಗಳನ್ನು ನಾಯಿಗೆ ಸಿಗದಂತೆ ಕುಣಿಯಲ್ಲಿ ಹಾಕಿ ಮುಚ್ಚಿರಿ. ಉಳ್ಳಾಗಡ್ಡಿ ಅದರ ರಕ್ತ ಕೆಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಅಂದಿಗೂ ಅದಕ್ಕೆ ದಿನದ ರೊಟ್ಟಿಯೇ ಲೇಸು.

ಇಷ್ಟಾಗಿಯೂ ಯಾರಿಗಾದರೂ ಕಚ್ಚಿದರೆ, ಗಾಯವನ್ನು ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಸರಕಾರಿ ದವಾಖಾನೆಗೆ ಹೋಗಬೇಕು. ವೈದ್ಯರು ಹೇಳಿದ ಸೂಜಿಗಳಲ್ಲಿ ಒಂದನ್ನೂ ಬಿಡಬಾರದು. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕಿದವರು ತೀರ ವಿರಳ.

ಕೊನೆಯ ಮಾತು ಹೊಸ ಸೊಸೆಯದು. ನೀರಿಗೆ, ಹೊಲಕ್ಕೆ ಓಡಾಡುವವಳು ಅವಳೇ. ನಾಯಿಗೆ ಅವಳು ಅಪರಿಚಿತಳು. ಅವಳಿಗೆ ಅಂಜಿಕೆಯಿದ್ದರೆ ಅವಸರ ಮಾಡಬೇಡಿರಿ. ಮನೆಯವರೊಬ್ಬರು ಜೊತೆಗೆ ನಿಂತು, ನಾಲ್ಕು ದಿನ ಅವಳ ಕೈಯಿಂದಲೇ ನಾಯಿಗೆ ರೊಟ್ಟಿ ಹಾಕಿಸಿರಿ. ಐದನೆಯ ದಿನ ಅವಳು ಕೊಡ ಹೊತ್ತು ಹೊರಟಾಗ ಅದೂ ಬಾಲ ಆಡಿಸುತ್ತ ಬೆನ್ನು ಹತ್ತೀತು. ಅಂದಿಗೆ ನಾಯಿಯ ಪಾಲಿನ ಲಗ್ನವೂ ಮುಗಿದಂತೆ.