ಬಿಡದಿಯಲ್ಲಿ ಹುಟ್ಟಿದ ಎಟಿಯೋಸ್

ಟ್ಯಾಕ್ಸಿ ಓಡಿಸುವ ನಮ್ಮಂಥವರು ಕಾರಿನ ಮೂತಿ ನೋಡುವ ಮೊದಲು ಡಿಕ್ಕಿ ತೆಗೆದು ನೋಡುತ್ತೇವೆ. ಟೊಯೊಟಾ ಎಟಿಯೋಸ್‌ನ ಡಿಕ್ಕಿ 595 ಲೀಟರ್. ದೊಡ್ಡ ಸೂಟ್‌ಕೇಸುಗಳನ್ನು ಮಲಗಿಸಿ, ಸಂದಿಯಲ್ಲಿ ಉಪ್ಪಿನಕಾಯಿ ಡಬ್ಬ ತುರುಕಿದರೂ ಬಾಗಿಲು ಮುಚ್ಚುತ್ತದೆ. ದೇವನಹಳ್ಳಿ ಏರ್‌ಪೋರ್ಟಿನ ಬಾಡಿಗೆಗೆ ಇನ್ನೇನು ಬೇಕು?

ಆದರೆ ಕಂಪನಿ ಇದನ್ನು ಮಾಡಿದ್ದು ಸಂಸಾರಸ್ಥರಿಗಾಗಿ. ಭಾರತದ ರಸ್ತೆ, ಭಾರತದವರ ಜೇಬು ಎರಡನ್ನೂ ನೋಡಿ ಯೋಶಿನೋರಿ ನೊರಿತಾಕೆ ಎಂಬ ಜಪಾನಿ ಮುಖ್ಯ ಎಂಜಿನಿಯರ್‌ನ ತಂಡ ಹೊಸದಾಗಿ ರೂಪಿಸಿದ ಗಾಡಿ. ಅದಕ್ಕಾಗಿ ಬಿಡದಿಯಲ್ಲಿ ಎರಡನೇ ಕಾರ್ಖಾನೆಯೇ ಎದ್ದಿತು. 2010ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಆರಂಭದ ಬೆಲೆ 4.96 ಲಕ್ಷ ರೂಪಾಯಿ. ಮರುವರ್ಷ ಗಿಡ್ಡ ಬೆನ್ನಿನ ಲೀವಾ ಬಂತು, ಡೀಸೆಲ್ಲೂ ಬಂತು.

ಶೋರೂಮಿಗೆ ಹೋದವರು ಮೂಗು ಮುರಿದರು. ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ, ಮುಂದಿನ ಗಾಜಿಗೆ ಒಂದೇ ವೈಪರ್, ಒಳಗೆಲ್ಲ ಸಾದಾ ಪ್ಲಾಸ್ಟಿಕ್. ಇನ್ನೋವಾ, ಕೊರೊಲ್ಲಾ ಕಂಡ ಕಣ್ಣಿಗೆ ಇದು ಬಡಪಾಯಿ. ನಮ್ಮ ಲೆಕ್ಕ ಬೇರೆ. 1364 ಸಿಸಿ ಡೀಸೆಲ್ ಎಂಜಿನ್ ಘಾಟಿಯಲ್ಲಿ ಹಾರುವುದಿಲ್ಲ, ನಿಜ. ಪರೀಕ್ಷೆಯಲ್ಲಿ ಕೊಟ್ಟ ಮೈಲೇಜ್ ಮಾತ್ರ ಲೀಟರಿಗೆ 23.59 ಕಿಲೋಮೀಟರ್. ಹಿಂದಿನ ಸೀಟಿನ ಮುಂದೆ ನೆಲ ಹೆಚ್ಚುಕಡಿಮೆ ಸಮತಟ್ಟು. ನಡುವೆ ಕೂತ ಅಜ್ಜಿ ದಾರಿಯುದ್ದಕ್ಕೂ ಗೊಣಗುವುದಿಲ್ಲ.

ಹಳದಿ ಬೋರ್ಡು ಹೆಚ್ಚಿದಷ್ಟೂ ಬಿಳಿ ಬೋರ್ಡಿನವರು ದೂರ ಸರಿದರು. ಬಾಡಿಗೆ ಗಾಡಿಯಂಥದ್ದು ಮನೆ ಮುಂದೆ ನಿಂತರೆ ಮರ್ಯಾದೆ ಕಡಿಮೆಯಂತೆ! ಡಿಜೈರ್ ಕೂಡ ಟ್ಯಾಕ್ಸಿಯೇ ಆಯಿತು, ಅದಕ್ಕೇಕೋ ಈ ಕಳಂಕ ಅಷ್ಟಾಗಿ ತಟ್ಟಲಿಲ್ಲ. ಹೊರದೇಶದಲ್ಲಿ ಎಟಿಯೋಸ್‌ಗೆ ಇಂಥ ಮುಜುಗರ ಇರಲಿಲ್ಲ: 2012ರಿಂದ ಬಿಡದಿಯ ಕಾರು ದಕ್ಷಿಣ ಆಫ್ರಿಕಾಕ್ಕೆ ಹಡಗು ಹತ್ತಿತು, ಅದೇ ವರ್ಷ ಬ್ರೆಜಿಲ್‌ನ ಸೊರೊಕಾಬಾದಲ್ಲೂ ತಯಾರಿ ಶುರುವಾಯಿತು.

2020ರ ಏಪ್ರಿಲ್ 1ರಿಂದ ಬಿಎಸ್–6 ಹೊಗೆ ನಿಯಮ ಕಡ್ಡಾಯವಾಯಿತು. ಕಡಿಮೆ ಬೆಲೆಯ ಸಣ್ಣ ಡೀಸೆಲ್ ಎಂಜಿನ್ನನ್ನು ಅದಕ್ಕೆ ಒಗ್ಗಿಸುವುದು ದುಬಾರಿ ಬಾಬತ್ತು. ಟೊಯೊಟಾ ಎಟಿಯೋಸ್, ಲೀವಾ ಎರಡನ್ನೂ ನಿಲ್ಲಿಸಿತು. ಅಷ್ಟರಲ್ಲಾಗಲೇ ಅದರ ಶೋರೂಮಿನಲ್ಲಿ ಗ್ಲಾಂಝಾ ನಿಂತಿತ್ತು. ಸುಜುಕಿಯ ಬಲೆನೊಗೆ ಟೊಯೊಟಾ ಲಾಂಛನ ಅಂಟಿಸಿದ ಕಾರು. ಒಳ್ಳೆಯ ಗಾಡಿಯೇ, ಆದರೆ ಅದರ ಡಿಕ್ಕಿ ನನ್ನ ಕೆಲಸಕ್ಕೆ ಬಾರದು.

ಸೆಕೆಂಡ್ ಹ್ಯಾಂಡ್ ಎಟಿಯೋಸ್ ಹುಡುಕುವವರು ಎರಡು ಏರ್‌ಬ್ಯಾಗ್ ಇರುವುದನ್ನೇ ಕೊಳ್ಳಿ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ಸ್ಟಾರ್ ಪಡೆದದ್ದು ಅದು. ಬಿಳಿ ಬೋರ್ಡು ನೋಡಿ ಮಾತ್ರ ಮರುಳಾಗಬೇಡಿ, ಮೊದಲು ಹಳದಿಯಾಗಿತ್ತೇ ಎಂದು ಆರ್‌ಟಿಒ ದಾಖಲೆಯಲ್ಲಿ ನೋಡಿಸಿ.